ಹಲಗಿ ಯಾರ ಸುದ್ದಿಗೆ?

"ಕವಿಯಾದವನು ಬರೆಯಬೇಕು, ಬರೆದು ಸುಮ್ಮನಿರಬೇಕು. ಕಾವ್ಯ ಗಟ್ಟಿಯಿದ್ದರೆ ತಾನೇ ಓದುಗರನ್ನು ಹುಡುಕಿಕೊಂಡು ಹೋಗುತ್ತದೆ. ಪುಸ್ತಕ ಬಂದ ಮರುದಿನವೇ ಡಂಗುರ ಸಾರಲು ಹೊರಡುವುದೇನು?"

ಸಭೆಯೊಂದರಲ್ಲಿ ಹಿರಿಯರೊಬ್ಬರು ನಮ್ಮ ಬಗಲಲ್ಲಿದ್ದ ಪುಸ್ತಕದ ಗಂಟು ನೋಡಿ ಆಡಿದ ಮಾತಿದು. ಅಂದು ತಲೆ ತಗ್ಗಿಸಿಕೊಂಡು ಬಂದೆವು. ಇಂದು ಉತ್ತರ ಕೊಡುತ್ತಿದ್ದೇವೆ.

ಡಂಗುರ! ಆ ಶಬ್ದ ನಮಗೆ ಹೊಸದಲ್ಲ, ಸ್ವಾಮಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಹಳ್ಳಿಗಳಲ್ಲಿ ಹಲಗಿ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಸಾರಿದವರು ಯಾರು? ನಮ್ಮ ಮುತ್ಯಾಗಳು. ಗೌಡರ ಹುಕುಂ ಸಾರಿದರು. ಕಂದಾಯದ ವಾಯಿದೆ ಸಾರಿದರು. ಜಾತ್ರಿ ತೇರಿನ ದಿನ ಸಾರಿದರು. ಊರ ಸುದ್ದಿಯೆಲ್ಲ ನಮ್ಮ ತೋಳಿನ ಬಲದ ಮೇಲೆ ಹೋಯಿತು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕಾಳಿಗೆ ಸೆರಗೊಡ್ಡಿದ್ದೇ ಕೂಲಿ. ಕೇರಿಯ ಹಸಿವನ್ನು ಮಾತ್ರ ಆ ಹಲಗಿ ಒಮ್ಮೆಯೂ ಸಾರಲಿಲ್ಲ. ಅದಕ್ಕೆ ಅಪ್ಪಣೆಯಿರಲಿಲ್ಲ. ಊರಿಗಾಗಿ ಬಡಿದರೆ ಸೇವೆ, ನಮಗಾಗಿ ನಾವು ಬಡಿದರೆ ಆತ್ಮಪ್ರಚಾರ! ಇದ್ಯಾವ ಊರ ನ್ಯಾಯ?

ಕಾವ್ಯ ತಾನೇ ನಡೆದು ಹೋಗುತ್ತದೆ ಎನ್ನುವುದು ಶುದ್ಧ ಸುಳ್ಳು. ಯಾವ ಕಾಲದಲ್ಲೂ ಕಾವ್ಯಕ್ಕೆ ಕಾಲಿರಲಿಲ್ಲ, ಹೊರುವವರಿದ್ದರು. ಪಂಪನನ್ನೇ ನೋಡಿ. ಅವನ ತಾಯಿ ಅಬ್ಬಣಬ್ಬೆಯ ಮನೆತನ ನಮ್ಮ ಅಣ್ಣಿಗೇರಿಯದು. ಇದು ಗೊತ್ತಾದದ್ದು ಹೆಂಗ? ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರ್ಕ್ಯಾಲದ ಹತ್ತಿರ ಬಂಡೆಗಲ್ಲಿನ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಮನೆತನದ ಹಿರಿಮೆ, ಅಣ್ಣನ ಹಿರಿಮೆ ಕೆತ್ತಿಸಿದ್ದರಿಂದ. ಪಂಪನೂ ಸುಮ್ಮನಿರಲಿಲ್ಲ. ಒಂದು ಕಾವ್ಯ ಮೂರು ತಿಂಗಳಲ್ಲಿ, ಇನ್ನೊಂದು ಆರು ತಿಂಗಳಲ್ಲಿ ಮುಗಿಯಿತೆಂದು ತಾನೇ ಹೇಳಿಕೊಂಡ. ಅರಿಕೇಸರಿಯನ್ನು ಅರ್ಜುನನಿಗೆ ಸಮ ಮಾಡಿ ಹಾಡಿ ಅಗ್ರಹಾರ ಪಡೆದ. ಅವನು ಮಹಾಕವಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಡಂಗುರವೆಂದು ಹೀಯಾಳಿಸಿದ ಪಂಡಿತನನ್ನು ನಾವು ಕಂಡಿಲ್ಲ.

ಗಳಗನಾಥರು (1869-1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು, ಜನರಿಗೆ ಓದುವ ಚಟ ಹಚ್ಚಿದರು. ಅವರ ಕಷ್ಟಕ್ಕೆ ಕೈ ಮುಗಿಯುತ್ತೇವೆ. ಒಂದೇ ಮಾತು ಕೇಳುತ್ತೇವೆ. ಅದೇ ಕಾಲದಲ್ಲಿ ನಮ್ಮ ಕೇರಿಯಿಂದ ಒಬ್ಬ ಹಾಗೆಯೇ ಗಂಟು ಹೊತ್ತು ಹೊರಟಿದ್ದರೆ ಅದನ್ನು ಯಾವ ಮನೆಯ ಪಡಸಾಲಿಯಲ್ಲಿ ಇಳಿಸುತ್ತಿದ್ದ? ಯಾರ ಕಟ್ಟಿಯ ಮೇಲೆ ಕುಂತು ನೀರು ಕುಡಿಯುತ್ತಿದ್ದ?

ಬಾಬಾಸಾಹೇಬರಿಗೇ ಏನಾಯಿತು? 1920ರ ಜನವರಿ 31ರಂದು ಅವರು 'ಮೂಕನಾಯಕ' ಪತ್ರಿಕೆ ತಂದರು. ಹಣ ಕೊಡುತ್ತೇವೆ, ಜಾಹೀರಾತು ಹಾಕಿ ಎಂದರೂ ತಿಲಕರ 'ಕೇಸರಿ' ಹಾಕಲಿಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷರೆಂದು ಕರೆದು, ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಮನೆಯಲ್ಲಿ ಸುಮ್ಮನೆ ಕೂಡಲಿಲ್ಲ. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಜಾತಿ ವಿನಾಶದ ಆ ಪುಸ್ತಕ ಎರಡೇ ತಿಂಗಳಲ್ಲಿ ಖರ್ಚಾಯಿತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಸಿಗಲಿಲ್ಲ. ಆ ವರ್ಷವೇ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಕೂಡಿಸಿದರು. ಬಾಗಿಲು ಮುಚ್ಚಿದವರೇ ಇಂದು "ಯಾಕ ಕೂಗತೀರಿ, ಸಾವಕಾಶ ಮಾತಾಡ್ರಿ" ಎನ್ನುತ್ತಾರೆ.

"ಹೆಸರಿನ ಆಸೆ ಬಿಡಿ" ಎಂಬ ಉಪದೇಶ ಬೇರೆ. ನವಲಗುಂದದ ಜಮಖಾನಿ ಎಲ್ಲರಿಗೂ ಗೊತ್ತು. ಮಗ್ಗದ ಮುಂದೆ ಕುಂತು ಅದರಲ್ಲಿ ನವಿಲು ನೇಯ್ದ ಹೆಣ್ಣುಮಗಳ ಹೆಸರು ಯಾರಿಗೆ ಗೊತ್ತೈತಿ? ಹೆಸರು ಇದ್ದವನು ಹೆಸರು ಬಿಟ್ಟರೆ ತ್ಯಾಗ. ಹೆಸರೇ ಇಲ್ಲದವರು ಏನು ಬಿಡಬೇಕು?

ಗೆಳೆಯರೇ, ಇಷ್ಟು ಹೇಳಿ ಎದೆ ತಟ್ಟಿಕೊಂಡು ಕೂಡುವಂತಿಲ್ಲ. ಪರರ ತಟ್ಟೆಯ ನೊಣ ತೋರಿಸಿದೆವು. ನಮ್ಮ ತಟ್ಟೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿದೆ.

ನಮ್ಮ ಮೊದಲ ಸಂಕಲನ ಅಚ್ಚಾದದ್ದು ಅವ್ವ ಮಹಿಳಾ ಸಂಘದಿಂದ ಎತ್ತಿದ ಸಾಲದಲ್ಲಿ. ಐನೂರು ಪ್ರತಿ. ಬಿಡುಗಡೆಗೆ ದೊಡ್ಡವರು ಬೇಕು ಎಂದು ಹಟ ಮಾಡಿದೆವು. ಬಂದರು. ಸ್ವಾಗತ ಅರ್ಧ ತಾಸು, ಶಾಲು ಹಾರ ಅರ್ಧ ತಾಸು, ಅತಿಥಿಗಳು ತಮ್ಮ ಸಾಧನೆ ಹೇಳಿಕೊಂಡದ್ದು ಒಂದು ತಾಸು. ನಾವು ಫೋಟೋದಲ್ಲಿ ಎಲ್ಲಿ ನಿಲ್ಲಬೇಕೆಂಬ ಚಿಂತೆಯಲ್ಲೇ ಇದ್ದೆವು. ರಾತ್ರಿ ಬಸ್ಸಿನಲ್ಲಿ ಅವ್ವ ಕೇಳಿದಳು: "ಎಲ್ಲಾರೂ ಮಾತಾಡಿದ್ರು, ಶಾಲು ಹಾಕಿದ್ರು. ಖರೆ, ನೀ ಬರದಿದ್ದನ್ನ ಒಬ್ಬರೂ ಓದಲೇ ಇಲ್ಲಲ್ಲೋ ಯಪ್ಪಾ?"

ಅವಳಿಗೆ ಅಕ್ಷರ ಬರುವುದಿಲ್ಲ. ಒಂದು ಕವಿತೆಯಾದರೂ ಕಿವಿಗೆ ಬೀಳಲಿ ಎಂದು ಕೂಲಿ ಬಿಟ್ಟು ಬಂದಿದ್ದಳು.

ಆಮೇಲೆ ಎಂಟು ತಿಂಗಳು ನಾವು ಒಂದು ಸಾಲೂ ಬರೆಯಲಿಲ್ಲ. ಬರೆದದ್ದೆಲ್ಲ ವಾಟ್ಸಾಪ್ ಸ್ಟೇಟಸ್ಸು, ಫೇಸ್‌ಬುಕ್ಕಿನಲ್ಲಿ ಧನ್ಯವಾದ, ಪ್ರಶಸ್ತಿಗೆ ಅರ್ಜಿ, ಕವಿಗೋಷ್ಠಿಯ ಪಟ್ಟಿಯಲ್ಲಿ ಹೆಸರು ಸೇರಿಸಿರೆಂದು ಫೋನು. ಐನೂರರಲ್ಲಿ ಮುನ್ನೂರು ಪ್ರತಿ ಇನ್ನೂ ಅಟ್ಟದ ಮೇಲಿವೆ, ಇಲಿಗಳು ಓದುತ್ತಿವೆ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದದಲ್ಲಿ ಗುಂಡು ಹಾರಿತು. ಪ್ರತಿ ವರ್ಷ ಆ ದಿನ ವೀರಗಲ್ಲಿನ ಮುಂದೆ ಬಂದು ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋಗುವ ಪುಢಾರಿಗಳನ್ನು ಬೈದು ಕವಿತೆ ಬರೆದವರು ನಾವು. ಕೇರಿಯ ನೋವನ್ನು ವೇದಿಕೆಗೆ ಹೊತ್ತು, ಬಂದ ಶಾಲನ್ನು ನಾವೇ ಹೊದ್ದರೆ, ಅವರಿಗೂ ನಮಗೂ ಏನು ಫರಕು?

ಆದ್ದರಿಂದ ಹಲಗಿ ಬಡಿಯಬೇಕೋ ಬೇಡವೋ ಎಂಬ ಜಗಳವೇ ತಪ್ಪು. ಬಡಿಯಲೇಬೇಕು. ಯಾವ ಸುದ್ದಿಗೆ, ಯಾವ ಓಣಿಯಲ್ಲಿ ಎಂಬುದೇ ಪ್ರಶ್ನೆ. ಸಾರಬೇಕಾದದ್ದು ಕವಿತೆಯನ್ನು, ನಮ್ಮ ಮುಖವನ್ನಲ್ಲ. ಮಾದಾರ ಚೆನ್ನಯ್ಯ ತನ್ನ ಅಂಕಿತದೊಳಗೇ ಉಳಿ, ಕತ್ತಿ, ಅಡಿಗೂಂಟ ಸೇರಿಸಿದ. ಅದೂ ಹೆಸರೇ. ಆದರೆ ಕೇಳಿದವರಿಗೆ ಕಾಣುವುದು ದುಡಿಯುವ ಕೈ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರ ಶಿಷ್ಯ ಶರೀಫ (1819-1889) ಯಾವ ಬಿಡುಗಡೆ ಸಮಾರಂಭ ಕಂಡ? ಭಜನೆಯವರ ಬಾಯಲ್ಲಿ ಉಳಿದ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅಕ್ಷರ ಬಾರದವರೂ ಅದರ ಹಾಡುಗಳನ್ನು ಮೆರವಣಿಗೆಯಲ್ಲಿ ಹಾಡಿದರು. ದೇವನೂರ ಮಹಾದೇವ ತಮ್ಮ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಕಿರುಪುಸ್ತಕವನ್ನು 2022ರಲ್ಲಿ ಹಲವು ಪ್ರಕಾಶಕರಿಗೆ ಒಟ್ಟಿಗೆ ಬಿಟ್ಟುಕೊಟ್ಟರು. ಕಡಿಮೆ ಬೆಲೆಗೆ ಅದು ಹಳ್ಳಿ ಹಳ್ಳಿ ಸೇರಿತು. ಬರೆದದ್ದು ಕಡಿಮೆ, ಹಂಚಿದ್ದು ಕೈಬಿಚ್ಚಿ. ನಾವು ಬರೆಯುವುದು ಕಡಿಮೆ, ಹಂಚುವುದು ನಮ್ಮ ಭಾವಚಿತ್ರ.

ನಮಗೆ ನಾವೇ ಹಾಕಿಕೊಂಡ ಕಟ್ಟಳೆ ಇಷ್ಟು. ಅಚ್ಚಿಗೆ ಹೋಗುವ ಮೊದಲು ಪ್ರತಿ ಕವಿತೆಯನ್ನೂ ಕೇರಿಯ ಕಟ್ಟಿಯ ಮೇಲೆ ಗಟ್ಟಿಯಾಗಿ ಓದಬೇಕು. ಅಲ್ಲಿ ಆಕಳಿಸಿದರೆ ತಿದ್ದಬೇಕು. ಶಾಲು ಹಾರಕ್ಕೆ ಒಂದು ರೂಪಾಯಿ ಖರ್ಚಾಗಕೂಡದು. ಮುನ್ನುಡಿಗಾಗಿ ಯಾರ ಮನೆಯ ಮುಂದೆಯೂ ನಿಲ್ಲಕೂಡದು. ಪುಸ್ತಕ ಪ್ರಾಧಿಕಾರದ ಸಹಾಯಧನ ಸಿಕ್ಕರೆ ತೆಗೆದುಕೊಳ್ಳೋಣ, ಅದು ನಮ್ಮ ತೆರಿಗೆಯ ಹಣ, ನಾಚಿಕೆಯಿಲ್ಲ. ಆದರೆ ಅದಕ್ಕಾಗಿ ಒಂದು ಸಾಲೂ ಮೆತ್ತಗಾಗಕೂಡದು. ಸಂತಿ ದಿನ ಹಾಸು ಹಾಸಿ ಪುಸ್ತಕ ಇಟ್ಟು ಕೂಡೋಣ, ಮೆಣಸಿನಕಾಯಿ ಮಾರುವವರ ಪಕ್ಕದಲ್ಲಿ. ಒಂದು ದಿನ ತಿರುಗಿದರೆ ಹತ್ತು ದಿನ ಬರೆಯೋಣ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಮ್ಮನ್ನು ಕರೆಯಿರಿ. ಹಾರ ತರಬೇಡಿ. ನಿಮ್ಮ ಸಾಲಿಯ ಒಂದು ಹುಡುಗಿಯ ಕೈಯಲ್ಲಿ ಒಂದು ಕವಿತೆ ಓದಿಸಿರಿ. ಚಲೋ ಇಲ್ಲದಿದ್ದರೆ ಮುಖದ ಮೇಲೆ ಹೇಳಿರಿ. ಅವ್ವನ ಸಂಘದ ಸಾಲದ ಕಂತು ಇನ್ನೂ ಬಾಕಿಯಿದೆ. ಬಸ್ಸಿನಲ್ಲಿ ಅವಳು ಕೇಳಿದ ಮಾತಿಗೆ ಉತ್ತರವೂ ಬಾಕಿಯಿದೆ.