ಶಿಸ್ತು ಅಂದ್ರೆ ಬರೀ ನೋಟೀಸಾ?

ಹೊನ್ನಾಳಿಯ ಕಳೆದ ಆರು ವಿಧಾನಸಭಾ ಚುನಾವಣೆ ನೋಡಿ. 1999, 2013, 2023ರಲ್ಲಿ ಗೆದ್ದವರು ಡಿ.ಜಿ. ಶಾಂತನಗೌಡ. 2004, 2008, 2018ರಲ್ಲಿ ಎಂ.ಪಿ. ರೇಣುಕಾಚಾರ್ಯ. ಮೂರನೇ ಹೆಸರೇ ಇಲ್ಲ!

ಕಾಂಗ್ರೆಸ್ಸಿನ ಕಥೆ ಇನ್ನೊಂದಿನ ಬರೀತೀನಿ. ಈಗ ಬಿಜೆಪಿ ಮಾತು... 2009ರಲ್ಲಿ ಯಡಿಯೂರಪ್ಪನವರ ವಿರುದ್ಧ ರೆಡ್ಡಿ ಸಹೋದರರು ಎಬ್ಬಿಸಿದ ಬಂಡಾಯದಲ್ಲಿ ರೇಣುಕಾಚಾರ್ಯರೂ ಇದ್ದರು. ಆಮೇಲೆ ಅಬಕಾರಿ ಮಂತ್ರಿಯಾದರು. 2010ರಲ್ಲಿ ಮತ್ತೆ ಭಿನ್ನರ ಜೊತೆ ಹೋಗಿ ವಾಪಸ್ ಬಂದರು, ಮಂತ್ರಿಗಿರಿ ಉಳೀತು. ವಾಪಸ್ ಬಾರದ 11 ಬಿಜೆಪಿ ಶಾಸಕರು ಅನರ್ಹರಾದರು (2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಆ ಮಾತು ಬೇರೆ). 2013ರಲ್ಲಿ ಕೆಜೆಪಿಯಿಂದ ನಿಂತು ಸೋತರು. 2018ಕ್ಕೆ ಮತ್ತೆ ಬಿಜೆಪಿ ಟಿಕೆಟ್ಟು.

ಅದೇ ಪಕ್ಷ 2025ರ ಮಾರ್ಚ್‌ನಲ್ಲಿ ಅವರಿಗೆ ಶಿಸ್ತಿನ ನೋಟೀಸು ಕೊಟ್ಟಿತು! ಅದೇ ವಾರ ಯತ್ನಾಳರ 6 ವರ್ಷದ ಉಚ್ಚಾಟನೆ. ಅಂದ್ರೆ ಸರ್ಕಾರ ಉಳಿಸೋಕೆ ತಲೆ ಎಣಿಸಬೇಕಿದ್ದಾಗ ಖಾತೆ, ವಿರೋಧ ಪಕ್ಷದಲ್ಲಿ ಕೂತಾಗ ನೋಟೀಸು. ಇದು ನನಗಂತೂ ಶಿಸ್ತು ಅನ್ನಿಸೋಲ್ಲ, ಚೌಕಾಸಿ ಅನ್ನಿಸುತ್ತೆ.

ರೇಣುಕಾಚಾರ್ಯರೊಬ್ಬರನ್ನೇ ಬೈಯೋದೂ ನ್ಯಾಯವಲ್ಲ. 2021ರಲ್ಲಿ ಅರಬಗಟ್ಟೆಯ ಕೋವಿಡ್ ಕೇಂದ್ರದಲ್ಲಿ ಸೋಂಕಿತರ ಜೊತೆಗೇ ಇದ್ದ ಮನುಷ್ಯ ಅವರು. ಜನಕ್ಕೆ ಅದು ನೆನಪಿದೆ. ತಪ್ಪು ಇರೋದು ಎರಡನೇ ಸಾಲನ್ನ ಬೆಳೆಸದ ಪಕ್ಷದಲ್ಲಿ. ತಾಲ್ಲೂಕು ಅಧ್ಯಕ್ಷನನ್ನ ಕಾರ್ಯಕರ್ತರೇ ಓಟು ಹಾಕಿ ಆರಿಸಲಿ, ಎರಡು ಸಲ ಸೋತವರು ಮೂರನೇ ಸಲ ಟಿಕೆಟ್ ಕೇಳೋ ಮುಂಚೆ ಆ ಓಟು ಎದುರಿಸಲಿ. ಹೊನ್ನಾಳಿ, ನ್ಯಾಮತಿ ಕಡೆಯವರಿದ್ರೆ ಹೇಳಿ, 2028ಕ್ಕೆ ಮೂರನೇ ಹೆಸರು ಯಾವುದಾದ್ರೂ ಕೇಳಿದ್ದೀರಾ?