ರಜಾದಿನದ ವಿಧಾನಸೌಧ

"ಯಾರೂ ಇರಲಿಲ್ಲ ಸಾರ್, ಆರಾಮಾಗಿ ನೋಡ್ಕೊಂಡು ಬಂದ್ವಿ." ವಿಧಾನಸೌಧದ ಪ್ರವಾಸ ಮುಗಿಸಿ ಬಂದ ವಿಜಯನಗರದ ನೆರೆಯವರ ಮಾತು. ಅವರಿಗೆ ಖುಷಿ ಕೊಟ್ಟ ಆ 'ಯಾರೂ ಇರಲಿಲ್ಲ' ನನ್ನನ್ನು ಚುಚ್ಚಿತು. 2025ರ ಜೂನ್‌ನಿಂದ ಪ್ರವಾಸೋದ್ಯಮ ನಿಗಮ 50 ರೂಪಾಯಿಗೆ ಸೌಧ ತೋರಿಸುತ್ತಿದೆ; ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ. ಒಂದು ಕಡತವೂ ಅಲುಗದ ದಿನಗಳವು. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಹಣೆಯ ಮೇಲೆ ಬರೆಸಿಕೊಂಡ ಕಟ್ಟಡ ಅದು. ದೇವರನ್ನಾದರೂ ನಾವು ನೋಡಲು ಹೋಗುವುದು ಮಂಗಳಾರತಿಯ ಹೊತ್ತಿಗೆ, ಬಾಗಿಲು ಹಾಕಿದ ಮೇಲಲ್ಲ.

ಲಂಡನ್ನಿನಲ್ಲಿ 1992ರಿಂದ 'ಓಪನ್ ಹೌಸ್' ಎಂಬ ಹಬ್ಬವಿದೆ. ಮುಚ್ಚಿದ ಕಟ್ಟಡಗಳನ್ನು ಜನರಿಗೆ ಪುಕ್ಕಟೆಯಾಗಿ ತೆರೆಯುತ್ತಾರೆ. ನಮ್ಮೂರಿಗೂ ಬೇಕು ಅನ್ನುತ್ತಾರೆ. ಬೇಕು, ಸರಿ. ಆದರೆ ಕಂಬ, ಕಮಾನು, ಗುಮ್ಮಟ ನೋಡಿ ಬಂದರೆ ಊರು ಅರ್ಥವಾಗುತ್ತದೆಯೇ? ಕಟ್ಟಡ ತೆರೆಯುವುದೆಂದರೆ ಅದರೊಳಗಿನ ಕೆಲಸವನ್ನು ತೆರೆಯುವುದು.

ನಮ್ಮ ರಾಜಾಜಿನಗರದ ಕಡೆಯ ಸೋಪ್ ಫ್ಯಾಕ್ಟರಿಯನ್ನೇ ನೋಡಿ. ನಾಲ್ವಡಿಯವರ ಕಾಲದಲ್ಲಿ, ಮಹಾಯುದ್ಧದಿಂದಾಗಿ ಗಂಧದ ಮರ ಯೂರೋಪಿಗೆ ಹೋಗದೆ ರಾಶಿ ಬಿದ್ದಾಗ, ಎಣ್ಣೆಯನ್ನು ಇಲ್ಲೇ ತೆಗೆಯೋಣವೆಂದು 1916ರಲ್ಲಿ ಹೊರಟ ಸಾಹಸ ಸೋಪಿಗೆ ಬಂದು ನಿಂತಿತು. 2014ರಲ್ಲಿ ಮೆಟ್ರೊ ಬಂದಾಗ ನಿಲ್ದಾಣಕ್ಕೂ ಅದೇ ಹೆಸರು. ದಿನಾ ಸಾವಿರಾರು ಜನ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ'ಯಲ್ಲಿ ಇಳಿಯುತ್ತಾರೆ, ಕಾಂಪೌಂಡಿನಾಚೆಯ ಗಂಧದ ವಾಸನೆ ಕುಡಿದು ಮನೆಗೆ ಹೋಗುತ್ತಾರೆ. ಎಣ್ಣೆಯೂ ಕ್ಷಾರವೂ ಕೂಡಿ ಬಿಲ್ಲೆಯಾಗುವುದನ್ನು ಎಷ್ಟು ಮಂದಿ ಕಂಡಿದ್ದಾರೆ? ಆನೆಯ ಸೊಂಡಿಲು, ಸಿಂಹದ ಮೈ ಇರುವ ಆ ಶರಭವನ್ನಷ್ಟೇ ಕಂಡಿದ್ದೇವೆ, ಅದೂ ಡಬ್ಬಿಯ ಮೇಲೆ.

ಜನ ಬಂದರೆ ಗಲೀಜು ಮಾಡುತ್ತಾರೆ ಎನ್ನುವವರು ತಮ್ಮನ್ನು ಜನರಲ್ಲಿ ಎಣಿಸಿಕೊಂಡಿಲ್ಲ, ಅಷ್ಟೆ. ಇನ್ನೊಂದು ಆಕ್ಷೇಪ ಮಾತ್ರ ನನ್ನನ್ನು ತಡೆದು ನಿಲ್ಲಿಸುತ್ತದೆ: ದುಡಿಯುವವರನ್ನು ಗುಂಪುಕಟ್ಟಿ ನೋಡುವುದು, ಮೃಗಾಲಯ ನೋಡಿದ ಹಾಗಲ್ಲವೇ? ನಿಜ. ತಲೆಯ ಮೇಲೆ ಮೊಬೈಲ್ ಹಿಡಿದವರ ನಡುವೆ ನಾನಾದರೂ ಕೆಲಸ ಮಾಡಲಾರೆ. ಹಾಗಾಗಿ ವಿವರಿಸುವವರು ಬಾಡಿಗೆಯ ಗೈಡ್ ಆಗಬಾರದು, ಯಂತ್ರದ ಮುಂದೆ ನಿಂತವರೇ ಆಗಬೇಕು. ಅದಕ್ಕೆ ಅವರಿಗೆ ಬೇರೆ ಭತ್ಯೆ ಕೊಡಬೇಕು, ಬೇಡವೆನ್ನುವ ಹಕ್ಕೂ ಇರಬೇಕು. ಇಷ್ಟಾದರೂ ಮುಜುಗರ ಪೂರ್ತಿ ಹೋಗುತ್ತದೆಂದು ನಾನು ಹೇಳುವುದಿಲ್ಲ.

ಹಬ್ಬದ ಮೊದಲ ಬಾಗಿಲು ಯಾವುದೆಂದು ಕೇಳಿದರೆ, ಮೈಸೂರು ರಸ್ತೆಯ ವೃಷಭಾವತಿ ಕಣಿವೆಯ ಕೊಳಚೆನೀರು ಶುದ್ಧೀಕರಣ ಘಟಕ ಎನ್ನುತ್ತೇನೆ. ನೆರೆಯವರು ಮೂಗು ಮುರಿದರು. ಮುರಿಯಲಿ, ಕೆಂಗೇರಿ ಮೋರಿಯ ಹತ್ತಿರ ಬಸ್ಸಿನ ಕಿಟಕಿ ಎಳೆದುಕೊಳ್ಳುವವರೆಲ್ಲ ಒಮ್ಮೆ ಅಲ್ಲಿಗೆ ಹೋಗಬೇಕು. ನೂರು ಕಿಲೋಮೀಟರ್ ದೂರದಿಂದ ಏರಿಸಿ ತಂದ ಕಾವೇರಿ ನಮ್ಮ ಬಚ್ಚಲು ದಾಟಿ, ಅದೇ ಗಂಧದ ಸೋಪಿನ ನೊರೆ ಹೊತ್ತು ಹರಿಯುವುದು ಆ ಕಡೆಗೇ. ಆ ಘಟಕಕ್ಕೆ ಭಾನುವಾರದ ರಜೆಯೂ ಇಲ್ಲ.