ಒಂದು ಪುಸ್ತಕದ ಅಂತರ

ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನವೆಂಬುದನ್ನು ವಾಚಕರು ಬಲ್ಲರು. ಮೊನ್ನೆ ಬೀದರಿನ ನಮ್ಮ ಮನೆಯಲ್ಲಿ ಅದನ್ನೇ ನೋಡುತ್ತಿದ್ದೆವು. ಜಾಣರಿಬ್ಬರು ಸರಿಸಮನಾಗಿ ನಿಂತಿದ್ದರು. ಉಳಿದುದು ಒಂದೇ ಪ್ರಶ್ನೆ. ಕಡೆಗೆ ಒಂದು ಪುಸ್ತಕದ ಅಂತರದಲ್ಲಿ ಜಯ ನಿರ್ಣಯವಾಯಿತು.

ಔರಾದಿನಿಂದ ಬಂದಿದ್ದ ಸೋದರಳಿಯ ಮೂಗುಮುರಿದು, "ಇಷ್ಟೆಲ್ಲ ಹೋರಾಟ ಒಂದು ಪುಸ್ತಕಕ್ಕಾಗಿಯೆ?" ಎಂದನು.

ಭಾಲ್ಕಿಯ ಮುತ್ಯಾ ನಕ್ಕರು. ನಿಜಾಮರ ಆಳಿಕೆಯಲ್ಲಿ ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಕನ್ನಡ ಕಲಿಸಿದರಷ್ಟೆ!

"ತಮ್ಮಾ, ಆವಾಗ ಕನ್ನಡ ಪುಸ್ತಕ ಮುಚ್ಚಿಟ್ಟು ಓದತಿದ್ವಿ. ಈಗ ಎಲ್ಲಾರ ಮುಂದ ಗೆದ್ದು ತರ್ತಾರ" ಎಂದರು.

ಪರದೆಯ ಮೇಲೆ, ಸೋತವರ ಕೈಯಲ್ಲಿಯೂ ಪುಸ್ತಕಗಳಿದ್ದವು.